ಆರು ವರ್ಷದ ಅನುಭವಕ್ಕೆ ಸೊನ್ನೆ ಬೆಲೆ ಕಟ್ಟಬೇಡಿ

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾನು ಹುಬ್ಬಳ್ಳಿಯವಳು. ಬಿ.ಎಸ್ಸಿ. (ಪಿಸಿಎಂ), ಬಿ.ಇಡಿ. ಆಗಿದೆ. ಕರ್ನಾಟಕ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸಾಗಿದ್ದೇನೆ. ಹುಬ್ಬಳ್ಳಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಆರು ವರ್ಷ 8, 9, 10ನೇ ತರಗತಿಗೆ ಗಣಿತ ಕಲಿಸಿದೆ. ನಮ್ಮ ಮನೆಯವರಿಗೆ ಚಾಕಣದ ಕಂಪನಿಗೆ ವರ್ಗವಾಯಿತು. ಜುಲೈನಲ್ಲಿ ಪುಣೆಯ ವಾಕಡ್‌ಗೆ ಬಂದೆವು. ಮನೆ ಹತ್ತಿರದ ಒಂದು ಶಾಲೆಗೆ ಕೆಲಸ ಕೇಳಲು ಹೋಗಿದ್ದೆ. 'ನಿಮ್ಮ ಕರ್ನಾಟಕದ ಅನುಭವ ಇಲ್ಲಿ ಲೆಕ್ಕಕ್ಕೆ ಬರಲ್ಲ. ಫ್ರೆಶರ್ ಅಂತ ಸೇರಿಕೊಳ್ಳಿ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಆಫೀಸಿನಲ್ಲಿ ಕೊಟ್ಟಿರಿ' ಅಂದರು. ಯೋಚಿಸಿ ಹೇಳ್ತೀನಿ ಅಂತ ಬಂದೆ. ನನ್ನ ಬಿ.ಇಡಿ. ಇಲ್ಲಿ ನಡೆಯುತ್ತದಾ? ಮರಾಠಿ ಅಷ್ಟಕ್ಕಷ್ಟೆ. ಇಂಗ್ಲಿಷಿನಲ್ಲಿ ಪಾಠ ಮಾಡಬಲ್ಲೆ, ಆದರೆ ಸಂದರ್ಶನದಲ್ಲಿ ತಡವರಿಸುತ್ತೇನೆ. ಮಗ ಎರಡನೇ ಕ್ಲಾಸು. ಸುಮ್ನೆ ಮನೆಯಲ್ಲಿ ಕೂತು ಬೇಸರ ಬಂದಿದೆ. ಆ ಕೆಲಸ ಒಪ್ಪಿಕೊಳ್ಳಲಾ?
— ಹೆಸರು ಬೇಡ, ವಾಕಡ್, ಪುಣೆ

ಉತ್ತರ: ಒರಿಜಿನಲ್ ಕೊಟ್ಟು ಬಂದಿಲ್ಲ ತಾನೇ? ಕೊಡಬೇಡಿ. ತೋರಿಸಿ, ಜೆರಾಕ್ಸ್ ಜೊತೆ ನಿಮ್ಮ ಮುಂದೆಯೇ ತಾಳೆ ನೋಡಿಕೊಳ್ಳಲಿ, ತೆಗೆದುಕೊಂಡು ಮನೆಗೆ ಬನ್ನಿ. ನಿಮ್ಮ ಮಾರ್ಕ್ಸ್ ಕಾರ್ಡ್ ಒತ್ತೆ ಇಟ್ಟುಕೊಳ್ಳಬೇಕಾದ ಅಗತ್ಯ ಯಾವ ಶಾಲೆಗೂ ಇಲ್ಲ. ನಾಳೆ ಇನ್ನೊಂದು ಕಡೆ ಸಂದರ್ಶನಕ್ಕೆ ಕರೆದರೆ ಏನು ತೋರಿಸುತ್ತೀರಿ? ಬಿಡಿಸಿಕೊಳ್ಳಲು ಇವರ ಆಫೀಸಿನ ಬಾಗಿಲು ಕಾಯಬೇಕಾಗುತ್ತದೆ. ಆ ಒಂದು ಷರತ್ತು ಹಾಕಿದ ಶಾಲೆಯ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇಲ್ಲ.

ನಾನೂ ಧಾರವಾಡದವಳು. ಮದುವೆಯಾಗಿ ಪುಣೆಗೆ ಬಂದು, ಇಲ್ಲೇ ಗಣಿತ ಕಲಿಸಿ, ಕೊನೆಗೆ ಪ್ರಿನ್ಸಿಪಾಲ್ ಆಗಿ ನಿವೃತ್ತಳಾದವಳು. ನಿಮ್ಮ ಪತ್ರದಂಥವು ನನಗೆ ಜಾಸ್ತಿ ಬರುತ್ತವೆ. ಗಂಡನಿಗೆ ವರ್ಗವಾದರೆ ಅವರ ಸರ್ವಿಸು, ಸಂಬಳ ಎಲ್ಲ ಅವರ ಜೊತೆಗೇ ಬರುತ್ತದೆ. ಹೆಂಡತಿಯ ಸರ್ವಿಸು ಮಾತ್ರ ಹಳೇ ಊರಿನಲ್ಲೇ ಉಳಿದುಹೋಗುತ್ತದೆ. ಮನೆಯವರೂ ಅದನ್ನು ಸಹಜ ಅಂದುಕೊಂಡಿರುತ್ತಾರೆ. ಹಾಗಾಗಬಾರದು. ಅದಕ್ಕೇ ನಿಮಗೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಬಿ.ಇಡಿ. ವಿಚಾರಕ್ಕೆ ಚಿಂತೆ ಬೇಡ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ, ಅಂದರೆ ಎನ್‌ಸಿಟಿಇ ಮಾನ್ಯತೆ ಇರುವ ಕಾಲೇಜಿನಲ್ಲಿ ಮಾಡಿದ್ದರೆ ದೇಶದಲ್ಲೆಲ್ಲ ನಡೆಯುತ್ತದೆ. ಟಿಇಟಿ ಸ್ವಲ್ಪ ಬೇರೆ. ಅದು 1ರಿಂದ 8ನೇ ತರಗತಿವರೆಗಿನ ಶಿಕ್ಷಕರಿಗೆ. ಒಂದು ರಾಜ್ಯದ ಟಿಇಟಿಯನ್ನು ಇನ್ನೊಂದು ರಾಜ್ಯದ ಶಾಲೆ ಪರಿಗಣಿಸಬಹುದು ಅಂತ ಎನ್‌ಸಿಟಿಇ ಮಾರ್ಗಸೂಚಿ ಹೇಳುತ್ತದೆ. ಪರಿಗಣಿಸಲೇಬೇಕು ಅಂತ ಹೇಳುವುದಿಲ್ಲ. ಹಾಗಾಗಿ ನೀವು ಸಿಟಿಇಟಿ, ಅಂದರೆ ಕೇಂದ್ರದ ಟಿಇಟಿ ಬರೆದುಬಿಡಿ. ಸಿಬಿಎಸ್‌ಇ ನಡೆಸುವ ಪರೀಕ್ಷೆ. ನಿಮಗೆ ಬೇಕಾದದ್ದು ಎರಡನೇ ಪೇಪರ್, ಗಣಿತ–ವಿಜ್ಞಾನ. 150 ಪ್ರಶ್ನೆ, ಎರಡೂವರೆ ಗಂಟೆ, 90 ಬಂದರೆ ಪಾಸು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಎರಡು ಭಾಷೆ ಆರಿಸಿಕೊಳ್ಳಬೇಕು, ಅದರಲ್ಲಿ ಕನ್ನಡವೂ ಇದೆ. ಒಂದು ಇಂಗ್ಲಿಷ್, ಇನ್ನೊಂದು ಕನ್ನಡ ತೆಗೆದುಕೊಳ್ಳಿ. ಒಮ್ಮೆ ಪಾಸಾದರೆ ಜೀವನಪೂರ್ತಿ ನಡೆಯುತ್ತದೆ. ಮೊದಲು ಏಳು ವರ್ಷ ಅಂತಿತ್ತು, 2021ರಲ್ಲಿ ಅದನ್ನು ತೆಗೆದರು. ನಿಮ್ಮವರಿಗೆ ಮತ್ತೆ ಎಲ್ಲಿಗೆ ವರ್ಗವಾದರೂ ಅದು ನಿಮ್ಮ ಜೊತೆ ಬರುತ್ತದೆ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಈಗಾಗಲೇ ಕೆಲಸದಲ್ಲಿರುವ ಶಿಕ್ಷಕರೂ ಟಿಇಟಿ ಪಾಸಾಗಬೇಕು ಅಂತ ತೀರ್ಪು ಕೊಟ್ಟಿದೆ. ಹಾಗಾಗಿ ಇನ್ನು ಮುಂದೆ ಈ ಪ್ರಶ್ನೆ ಎಲ್ಲ ಕಡೆ ಕೇಳಿಬರುತ್ತದೆ.

ಈಗ ನಿಮ್ಮನ್ನು ಕುಗ್ಗಿಸಿದ ಆ ಮಾತಿಗೆ ಬರೋಣ. 'ಕರ್ನಾಟಕದ ಅನುಭವ ಲೆಕ್ಕಕ್ಕೆ ಬರಲ್ಲ' ಅಂದರಲ್ಲ? ಹುಬ್ಬಳ್ಳಿಯಲ್ಲಿ 10ನೇ ತರಗತಿಗೆ ಯಾವ ಗಣಿತ ಪುಸ್ತಕ ಇಟ್ಟುಕೊಂಡು ಪಾಠ ಮಾಡಿದಿರಿ, ನೆನಪಿಸಿಕೊಳ್ಳಿ. ಸಮಾಂತರ ಶ್ರೇಢಿ, ವರ್ಗ ಸಮೀಕರಣ, ತ್ರಿಕೋನಮಿತಿ. ಅದು ಎನ್‌ಸಿಇಆರ್‌ಟಿ ಪುಸ್ತಕವೇ, ಅಂದರೆ ಕೇಂದ್ರ ಸಂಸ್ಥೆ ತಯಾರಿಸುವ ಪಠ್ಯಪುಸ್ತಕವೇ ಅಲ್ವಾ? ನಮ್ಮ ರಾಜ್ಯ 9, 10ನೇ ತರಗತಿಗೆ ಅದನ್ನೇ ತಂದು ವರ್ಷಗಳಾದವು, ಪಾಠಗಳ ಕ್ರಮ ಮಾತ್ರ ಹಿಂದುಮುಂದಾಗಿದೆ. ಸಿಬಿಎಸ್‌ಇ ಶಾಲೆಯಲ್ಲಿ 10ನೇ ತರಗತಿಗೆ ಕಲಿಸುವುದು ಅದೇ ಪಾಠಗಳನ್ನೇ. ಇದನ್ನು ಸಂದರ್ಶನದಲ್ಲಿ ನೀವಾಗಿಯೇ ಹೇಳಿ. ಅವರಿಗೆ ಗೊತ್ತಿರುವುದಿಲ್ಲ. ಕೆಳಗಿನ ತರಗತಿಗಳಲ್ಲಿ ಪುಸ್ತಕ ಬದಲಾಗಿದೆ. 6ನೇ ತರಗತಿಗೆ 2024ರಲ್ಲಿ 'ಗಣಿತ ಪ್ರಕಾಶ' ಅನ್ನುವ ಹೊಸ ಪುಸ್ತಕ ಬಂತು, 7 ಮತ್ತು 8ಕ್ಕೆ ಮರುವರ್ಷ ಬಂತು. ಎನ್‌ಸಿಇಆರ್‌ಟಿ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಡೆಮೊ ಕ್ಲಾಸಿಗೆ ಮುಂಚೆ ಅವನ್ನು ಓದಿರಿ. ಮಹಾರಾಷ್ಟ್ರ ಬೋರ್ಡಿನ ಶಾಲೆಯಾದರೆ ಅಲ್ಲಿ 10ಕ್ಕೆ ಬೀಜಗಣಿತ ಒಂದು ಪೇಪರ್, ರೇಖಾಗಣಿತ ಇನ್ನೊಂದು, ತಲಾ 40 ಅಂಕ. ಅಲ್ಲಿನ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಪುಸ್ತಕವೂ ಆನ್‌ಲೈನಿನಲ್ಲೇ ಸಿಗುತ್ತದೆ.

ಇಂಗ್ಲಿಷ್ ತಡವರಿಸುತ್ತದೆ ಅಂದಿದ್ದೀರಿ. ನಾನು ಪ್ರಿನ್ಸಿಪಾಲ್ ಆಗಿದ್ದಾಗ ಹಿಂದಿನ ಬೆಂಚಿನಲ್ಲಿ ಕೂತು ಬಹಳ ಡೆಮೊ ನೋಡಿದ್ದೇನೆ. ಒಬ್ಬಾಕೆ ಕಲಬುರಗಿಯಿಂದ ಬಂದಿದ್ದರು. ಏಳನೇ ತರಗತಿ, ಮೈನಸ್ ಇಂಟು ಮೈನಸ್ ಪಾಠ. ಜಾಸ್ತಿ ಜನ 'ಮೈನಸ್ ಇಂಟು ಮೈನಸ್ ಪ್ಲಸ್, ಇದು ರೂಲ್' ಅಂತ ಬೋರ್ಡಿನ ಮೇಲೆ ಬರೆದು ಮುಂದೆ ಹೋಗುತ್ತಾರೆ. ಈಕೆ ರೂಲ್ ಬರೆಯಲೇ ಇಲ್ಲ. 3 × (–4) = –12 ಅಂತ ಬರೆದರು. ಅದರ ಕೆಳಗೆ 2 × (–4) = –8. ಅದರ ಕೆಳಗೆ 1 × (–4) = –4. ಆಮೇಲೆ 0 × (–4) = 0. ಪ್ರತಿ ಸಾಲಿಗೆ ಉತ್ತರ ಎಷ್ಟು ಏರುತ್ತಿದೆ ಅಂತ ಕೇಳಿದರು. ಮಕ್ಕಳು 'ಫೋರ್' ಅಂದರು. ಐದನೇ ಸಾಲಿನಲ್ಲಿ (–1) × (–4) ಬರೆದು ಚಾಕ್‌ಪೀಸ್ ಕೆಳಗಿಟ್ಟು ಸುಮ್ಮನೆ ನಿಂತರು. 'ವಾಟ್ ವಿಲ್ ಕಮ್?' ಅಂದರು, ಅಷ್ಟೇ. ಹಿಂದಿನ ಸಾಲಿನ ಹುಡುಗನೊಬ್ಬ ಕೈಯನ್ನೂ ಎತ್ತದೆ 'ಪ್ಲಸ್ ಫೋರ್!' ಅಂತ ಕೂಗಿದ. ಆಕೆಯ ಇಂಗ್ಲಿಷಿನಲ್ಲಿ ತಪ್ಪುಗಳಿದ್ದವು. ನಾನು ಅವತ್ತೇ ಅವರನ್ನು ತೆಗೆದುಕೊಂಡೆ.

ಹಾಗಂತ ಇಂಗ್ಲಿಷ್ ಬಿಡಿ ಅಂತಲ್ಲ. ದಿನಾ ಒಂದು ಪಾಠ ಜೋರಾಗಿ ಇಂಗ್ಲಿಷಿನಲ್ಲಿ ಮಾಡಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ಸಂದರ್ಶನದ ಇಂಗ್ಲಿಷ್ ಬೇರೆ, ಪಾಠದ ಇಂಗ್ಲಿಷ್ ಬೇರೆ. ನಿಮ್ಮ ಬಗ್ಗೆ ಎರಡು ನಿಮಿಷ ಹೇಳುವುದನ್ನು ಬಾಯಿಪಾಠ ಮಾಡಿದರೂ ತಪ್ಪಿಲ್ಲ. ಮರಾಠಿ? 2020ರ ಕಾನೂನಿನಿಂದ ಮಹಾರಾಷ್ಟ್ರದ ಎಲ್ಲ ಬೋರ್ಡಿನ ಶಾಲೆಗಳಲ್ಲೂ ಮರಾಠಿ ಕಲಿಸಲೇಬೇಕು. ಆದರೆ ಅದು ಮರಾಠಿ ಟೀಚರ್ ಕೆಲಸ, ಇಂಗ್ಲಿಷ್ ಮಾಧ್ಯಮದಲ್ಲಿ ಗಣಿತ ಕಲಿಸಲು ಅದನ್ನು ಯಾರೂ ಕೇಳುವುದಿಲ್ಲ. ಪೋಷಕರ ಸಭೆಗೆ ಮಾತ್ರ ಬೇಕೇ ಬೇಕು. ಹುಬ್ಬಳ್ಳಿಯವರ ಕಿವಿಗೆ ಮರಾಠಿ ಹೊಸದಲ್ಲ. ತರಕಾರಿ ಮಾರುಕಟ್ಟೆಯಿಂದಲೇ ಶುರು ಮಾಡಿ.

ಎಲ್ಲಿ ಹುಡುಕುವುದು? ಸಿಬಿಎಸ್‌ಇ ಶಾಲೆಗಳು ಏಪ್ರಿಲ್‌ನಲ್ಲಿ ಶುರುವಾಗುತ್ತವೆ. ಡಿಸೆಂಬರ್‌ನಿಂದಲೇ ಅವರು ಟೀಚರ್ ಹುಡುಕುತ್ತಾರೆ. ರಾಜ್ಯ ಬೋರ್ಡಿನವು ಜೂನ್ ಮಧ್ಯಕ್ಕೆ ಶುರು, ಹಾಗಾಗಿ ಅಲ್ಲಿ ಏಪ್ರಿಲ್–ಮೇ ಭರಾಟೆ. ನೀವು ಜುಲೈನಲ್ಲಿ ಬಂದಿರಿ, ಅದಕ್ಕೇ ಬಾಗಿಲು ಮುಚ್ಚಿದಂತೆ ಕಾಣುತ್ತಿದೆ. ನಡುವರ್ಷದಲ್ಲೂ ಒಂದು ದಾರಿ ಇದೆ. ಹೆರಿಗೆ ರಜೆ ಈಗ 26 ವಾರ. ಆರು ತಿಂಗಳು ಗಣಿತ ಟೀಚರ್ ಇಲ್ಲದಿದ್ದರೆ ಯಾವ ಪ್ರಿನ್ಸಿಪಾಲ್‌ಗೂ ನಿದ್ದೆ ಬರಲ್ಲ. ವಾಕಡ್, ರಾವೇತ್, ತಾಥವಡೆ, ಪಿಂಪಳೆ ಸೌದಾಗರ್ ಸುತ್ತ ಶಾಲೆಗಳಿಗೆ ಬರವಿಲ್ಲ. ಬಯೋಡೇಟಾದ ಮೇಲೆಯೇ 'ರಜೆ ಹಾಕಿದವರ ಬದಲಿಗೆ ಬರಲು ಸಿದ್ಧ' ಅಂತ ಬರೆದು ಕೊಟ್ಟು ಬನ್ನಿ. ಹಾಗೆ ಬಂದವರು ಅಲ್ಲೇ ಉಳಿದದ್ದನ್ನು ನಾನು ನೋಡಿದ್ದೇನೆ. ಹೋಗುವ ಮುಂಚೆ ಶಾಲೆಯ ವೆಬ್‌ಸೈಟಿನಲ್ಲಿ ಕಡ್ಡಾಯ ಮಾಹಿತಿ ಪುಟ ನೋಡಿ. ಸಿಬಿಎಸ್‌ಇ ಶಾಲೆಯಾದರೆ ಮಾನ್ಯತೆ ಸಂಖ್ಯೆ, ಎಷ್ಟು ಶಿಕ್ಷಕರು, 10ನೇ ತರಗತಿ ಫಲಿತಾಂಶ ಎಲ್ಲ ಅಲ್ಲಿ ಹಾಕಲೇಬೇಕು. ಆ ಪುಟವೇ ಇಲ್ಲದಿದ್ದರೆ ಎಚ್ಚರ.

ಕೇಂದ್ರೀಯ ವಿದ್ಯಾಲಯಗಳನ್ನು ಮರೆಯಬೇಡಿ. ಗಣೇಶಖಿಂಡ್, ದೇಹೂ ರೋಡ್, ದಾಪೋಡಿಯ ಸಿಎಂಇ (ಸೇನೆಯ ಎಂಜಿನಿಯರಿಂಗ್ ಕಾಲೇಜು), ಮೂರೂ ನಿಮಗೆ ದೂರವಲ್ಲ. ಪ್ರತಿ ವರ್ಷ ಫೆಬ್ರುವರಿ–ಮಾರ್ಚ್ ಹೊತ್ತಿಗೆ ಗುತ್ತಿಗೆ ಶಿಕ್ಷಕರಿಗೆ ನೇರ ಸಂದರ್ಶನ ಇರುತ್ತದೆ. ಆಯಾ ಶಾಲೆಯ ವೆಬ್‌ಸೈಟಿನಲ್ಲೇ ಪ್ರಕಟಣೆ ಹಾಕುತ್ತಾರೆ, ಪೇಪರಿನಲ್ಲಿ ಬರುತ್ತದೆ ಅಂತ ಕಾಯಬೇಡಿ. ಆರ್ಮಿ ಪಬ್ಲಿಕ್ ಶಾಲೆಗಳು ದಿಘಿ, ಖಡಕಿಯಲ್ಲಿವೆ. ಅವಕ್ಕೆ ಬೇರೆಯೇ ಆನ್‌ಲೈನ್ ಪರೀಕ್ಷೆ ಇದೆ. ಅಲ್ಲಿ ಹೊಸಬರಿಗೆ ವಯಸ್ಸಿನ ಮಿತಿ ಬಿಗಿ, ಹಿಂದಿನ ಹತ್ತು ವರ್ಷದಲ್ಲಿ ಐದು ವರ್ಷ ಕಲಿಸಿದವರಿಗೆ ಸಡಿಲ. ನಿಮ್ಮ ಆರು ವರ್ಷ ಅಲ್ಲಿ ನೇರವಾಗಿ ಲೆಕ್ಕಕ್ಕೆ ಬರುತ್ತದೆ, ಗೊತ್ತಾಯ್ತಾ?

ಮಹಾರಾಷ್ಟ್ರದ ಜಿಲ್ಲಾ ಪರಿಷತ್ ಮತ್ತು ಅನುದಾನಿತ ಶಾಲೆಗಳ ದಾರಿ ಉದ್ದ. ಟಿಇಟಿ ಸಾಲದು, ಟೇಟ್ ಅನ್ನುವ ಇನ್ನೊಂದು ಪರೀಕ್ಷೆ ಬರೆದು ಶಿಕ್ಷಕರ ನೇಮಕಾತಿಯ ಪವಿತ್ರ ಪೋರ್ಟಲ್ ಮೂಲಕ ಹೋಗಬೇಕು. ಸೇರಿದ ಮೇಲೂ ಮೂರು ವರ್ಷ ಶಿಕ್ಷಣ ಸೇವಕ ಅಂತ ಗೌರವಧನ. ಕನ್ನಡ ಮಾಧ್ಯಮವೇ ಬೇಕು ಅನ್ನುವವರಿಗೆ ಅಕ್ಕಲಕೋಟೆ, ಜತ್ತ ಕಡೆ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ, ಮುಂಬೈ ಪಾಲಿಕೆಯಲ್ಲೂ ಇವೆ. ಮಗನ ಶಾಲೆ, ಮನೆ ನೋಡಿಕೊಂಡು ವಾಕಡ್‌ನಿಂದ ಅದು ಆಗುವ ಮಾತಲ್ಲ. ಪುಣೆ ಕನ್ನಡ ಸಂಘದವರು ನಡೆಸುವ ಕಾವೇರಿ ಶಾಲೆಗಳಿಗೆ ಒಂದು ಅರ್ಜಿ ಕೊಡಿ. ಜಾತಿ ಪ್ರಮಾಣ ಪತ್ರದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕರ್ನಾಟಕದ 2ಎ, 3ಬಿ ಮೀಸಲಾತಿ ಮಹಾರಾಷ್ಟ್ರ ಸರ್ಕಾರದ ಹುದ್ದೆಗೆ ನಡೆಯುವುದಿಲ್ಲ. ಕೇಂದ್ರದ ಒಬಿಸಿ ಪಟ್ಟಿಯಲ್ಲಿ ನಿಮ್ಮ ಜಾತಿ ಇದ್ದರೆ ಕೇಂದ್ರೀಯ ವಿದ್ಯಾಲಯದ ಕಾಯಂ ಹುದ್ದೆಗೆ ಅದು ನಡೆಯುತ್ತದೆ.

ಈಗ ಕೈಯಲ್ಲಿರಬೇಕಾದ ಕಾಗದ. ದಸರಾಕ್ಕೆ ಊರಿಗೆ ಹೋಗುತ್ತೀರಲ್ಲ, ಹಳೇ ಶಾಲೆಗೆ ಹೋಗಿ. ನಿಮ್ಮ ಹತ್ತಿರ ಇರುವ ಅನುಭವ ಪತ್ರದಲ್ಲಿ ಏನು ಬರೆದಿದ್ದಾರೆ ಓದಿ ನೋಡಿ. 'ನಮ್ಮಲ್ಲಿ ಕೆಲಸ ಮಾಡಿದ್ದಾರೆ, ನಡತೆ ಚೆನ್ನಾಗಿದೆ' ಅಂತ ಎರಡು ಸಾಲು ಇದ್ದರೆ ಸಾಲದು. ಸೇರಿದ ತಾರೀಕು, ಬಿಟ್ಟ ತಾರೀಕು, ಯಾವ ತರಗತಿಗೆ ಯಾವ ವಿಷಯ, ಪೂರ್ಣಾವಧಿ ಸಹಶಿಕ್ಷಕಿ ಅನ್ನುವ ಮಾತು, ಕೊನೆಯ ಸಂಬಳ, ಶಾಲೆಯ ಯು-ಡೈಸ್ ಸಂಖ್ಯೆ (ಸರ್ಕಾರ ಪ್ರತಿ ಶಾಲೆಗೂ ಕೊಡುವ ಗುರುತಿನ ಸಂಖ್ಯೆ), ಎಲ್ಲ ಬೇಕು. ಇಂಗ್ಲಿಷಿನಲ್ಲಿ ಬೇಕು. ಮುಖ್ಯೋಪಾಧ್ಯಾಯರ ಸಹಿಯ ಜೊತೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಮಾಡಿಸಿದರೆ ಇನ್ನೂ ಗಟ್ಟಿ. ಎಸ್ಸೆಸ್ಸೆಲ್ಸಿಯಲ್ಲಿ ತವರಿನ ಹೆಸರು, ಆಧಾರಿನಲ್ಲಿ ಗಂಡನ ಮನೆಯ ಹೆಸರು ಇದ್ದರೆ ಮದುವೆ ನೋಂದಣಿ ಪತ್ರವನ್ನೂ ಇಟ್ಟುಕೊಳ್ಳಿ.

ಅಲ್ಲಿಗೆ ಹೋದಾಗ ಇನ್ನೊಂದು ಕೆಲಸ. ಗ್ರಾಚುಟಿ, ಅಂದರೆ ಕೆಲಸ ಬಿಡುವಾಗ ಸಲ್ಲಿಸಿದ ಸೇವೆಗೆ ಕೊಡುವ ಇಡುಗಂಟು, ಕೇಳಿದಿರಾ? ಎಷ್ಟೋ ಟೀಚರ್‌ಗಳಿಗೆ ಇದು ಗೊತ್ತೇ ಇಲ್ಲ. ಖಾಸಗಿ ಶಾಲೆಯ ಶಿಕ್ಷಕರಿಗೂ ಗ್ರಾಚುಟಿ ಕೊಡಬೇಕು ಅಂತ 2009ರಲ್ಲೇ ಕಾನೂನು ತಿದ್ದಿದ್ದಾರೆ. ಶಾಲೆಗಳು ಕೋರ್ಟಿಗೆ ಹೋದವು, 2022ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಕರ ಪರವಾಗಿಯೇ ಹೇಳಿತು. ಐದು ವರ್ಷ ಮುಗಿಸಿದವರು ರಾಜೀನಾಮೆ ಕೊಟ್ಟರೂ ಸಿಗುತ್ತದೆ. ವರ್ಷಕ್ಕೆ 15 ದಿನದ ಸಂಬಳ, ತಿಂಗಳಿಗೆ 26 ದಿನ ಅಂತ ಲೆಕ್ಕ. ಕೊನೆಯ ಮೂಲ ವೇತನ ಮತ್ತು ಡಿಎ ಸೇರಿ 18,000 ಇತ್ತು ಅಂದುಕೊಳ್ಳಿ. ಆರು ವರ್ಷಕ್ಕೆ 62 ಸಾವಿರ ಚಿಲ್ಲರೆ ಆಗುತ್ತದೆ. ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಪಿಎಫ್ ಕಟ್ಟುತ್ತಿದ್ದರೆ ಆ ದುಡ್ಡು ತೆಗೆಯಬೇಡಿ. ಹೊಸ ಶಾಲೆಗೆ ಪಿಎಫ್‌ನ ಅದೇ ಯುಎಎನ್ ಸಂಖ್ಯೆ ಕೊಡಿ. ಪಿಎಫ್ ಪಿಂಚಣಿಗೆ ಹತ್ತು ವರ್ಷ ಬೇಕು, ನಿಮ್ಮದು ಆರು ಆಗಿದೆ. ಈಗ ತೆಗೆದರೆ ಮತ್ತೆ ಒಂದರಿಂದ ಶುರು.

ಆ ಶಾಲೆಯ ಕೆಲಸ ಒಪ್ಪಿಕೊಳ್ಳಲಾ ಅಂತ ಕೇಳಿದ್ದೀರಿ. ಒರಿಜಿನಲ್ ಇಟ್ಟುಕೊಳ್ಳದೆ ಸೇರಿಸಿಕೊಂಡರೆ ಯೋಚಿಸಬಹುದು. ಈ ವರ್ಷ ಸಂಬಳ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ, ಪುಣೆಯ ಶಾಲೆಯಲ್ಲಿ ಒಂದು ವರ್ಷ ಕಲಿಸಿದ್ದು ಮುಂದಿನ ಅರ್ಜಿಗೆ ಬಲ. ಆದರೆ 'ಫ್ರೆಶರ್' ಅನ್ನುವ ಪದಕ್ಕೆ ಸಹಿ ಹಾಕಬೇಡಿ. ನೇಮಕ ಪತ್ರದಲ್ಲಿ 'ಆರು ವರ್ಷದ ಅನುಭವವುಳ್ಳ ಗಣಿತ ಶಿಕ್ಷಕಿ' ಅಂತ ಬರೆಸಿ. ಮುಂದೆ ಇಂಕ್ರಿಮೆಂಟು, ಬಡ್ತಿ ಎಲ್ಲ ಆ ಒಂದು ಸಾಲಿನ ಮೇಲೆ ನಿಲ್ಲುತ್ತದೆ. ಸಂಬಳ ಬ್ಯಾಂಕಿಗೇ ಬರಲಿ. ಬ್ಯಾಂಕಿಗೆ ಹಾಕಿ ಒಂದಿಷ್ಟು ಕೈಗೆ ವಾಪಸ್ ಕೊಡಿ ಅನ್ನುವ ಶಾಲೆಯಾದರೆ ಎದ್ದು ಬನ್ನಿ. ಮಗನಿಗೆ ಅಲ್ಲೇ ಸೀಟು ಕೇಳಿ, ಸಿಬ್ಬಂದಿ ಮಕ್ಕಳಿಗೆ ಫೀ ರಿಯಾಯಿತಿ ಎಷ್ಟು ಅಂತ ಬರೆದುಕೊಡಲು ಹೇಳಿ. ಪುಣೆಯ ಫೀ ನೋಡಿದರೆ ಅದೂ ಒಂದು ಸಂಬಳವೇ. ಒಪ್ಪದಿದ್ದರೆ ಡಿಸೆಂಬರ್‌ವರೆಗೆ ಸಿಟಿಇಟಿಗೆ ಓದಿ, ಸಂಜೆ ಸೊಸೈಟಿಯ ಮಕ್ಕಳಿಗೆ ಗಣಿತ ಹೇಳಿಕೊಡಿ. ಗಣಿತ ಟೀಚರ್ ಅಂತ ನಾಲ್ಕು ಮನೆಗೆ ಗೊತ್ತಾದರೆ ಶಾಲೆಗಳ ಸುದ್ದಿಯೂ ನಿಮ್ಮ ಮನೆಗೇ ಬರುತ್ತದೆ.

ಪ್ರಶ್ನೆ: ಮೇಡಂ, ಬೀದರಿನವಳು. ಪಿಯುಸಿ, ಡಿ.ಇಡಿ. ಆಗಿದೆ. ಈಗ ಹೈದರಾಬಾದಿನ ಕುಕಟ್‌ಪಲ್ಲಿಯಲ್ಲಿದ್ದೇವೆ. ನನ್ನ ಹತ್ತಿರ 371ಜೆ ಪ್ರಮಾಣ ಪತ್ರ ಇದೆ, ಇಲ್ಲಿನ ಸರ್ಕಾರಿ ನೇಮಕಾತಿಗೆ ಬರುತ್ತದಾ? ಬಿ.ಇಡಿ. ಇಲ್ಲ ಅಂತ ಎಲ್ಲರೂ ಹಂಗಿಸುತ್ತಾರೆ.
— ಓದುಗಿ, ಹೈದರಾಬಾದ್

ಉತ್ತರ: 371ಜೆ ಮೀಸಲಾತಿ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಯವರಿಗೆ ಕರ್ನಾಟಕದೊಳಗೆ ಮಾತ್ರ. ತೆಲಂಗಾಣದಲ್ಲಿ ಅವರದೇ ಸ್ಥಳೀಯ ನಿಯಮ ಇದೆ. ಶಿಕ್ಷಕರ ಹುದ್ದೆಯಲ್ಲಿ ನೂರಕ್ಕೆ 95 ಭಾಗ ಸ್ಥಳೀಯರಿಗೆ, ಅದನ್ನು ಶಾಲೆ ಎಲ್ಲಿ ಓದಿದಿರಿ ಅನ್ನುವುದರ ಮೇಲೆ ನಿರ್ಧರಿಸುತ್ತಾರೆ. ಹೊರಗಿನವರಿಗೆ ಉಳಿಯುವುದು ಬಹಳ ಸಣ್ಣ ಪಾಲು. ಅದನ್ನೇ ನಂಬಿ ವರ್ಷ ಕಳೆಯಬೇಡಿ.

ಇನ್ನು ಹಂಗಿಸುವವರ ಮಾತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್, 1ರಿಂದ 5ನೇ ತರಗತಿಗೆ ಬಿ.ಇಡಿ. ಅರ್ಹತೆಯೇ ಅಲ್ಲ ಅಂತ ಹೇಳಿತು. ಚಿಕ್ಕ ಮಕ್ಕಳಿಗೆ ಕಲಿಸುವುದು ಬೇರೆಯೇ ವಿದ್ಯೆ, ಅದಕ್ಕೆ ನಿಮ್ಮ ಡಿ.ಇಡಿ.ಯಂಥ ತರಬೇತಿಯೇ ಬೇಕು ಅನ್ನುವುದು ಅದರ ಅರ್ಥ. ನೀವು ತಲೆಯೆತ್ತಿ ನಡೆಯಿರಿ. ಪಿಯುಸಿಯಲ್ಲಿ ಶೇ. 50ರಷ್ಟು ಅಂಕ ಇದ್ದರೆ ಸಿಟಿಇಟಿ ಮೊದಲ ಪೇಪರ್ ಬರೆಯಿರಿ. ಕೇಂದ್ರೀಯ ವಿದ್ಯಾಲಯದ ಪ್ರೈಮರಿ ಹುದ್ದೆಗೆ ಅದು ಬೇಕು, ಖಾಸಗಿ ಶಾಲೆಯಲ್ಲೂ ತೂಕ ಇದೆ. ಬೀದರಿನವರಿಗೆ ತೆಲುಗು, ಹಿಂದಿ ಎರಡೂ ಬಾಯಿಗೆ ಬರುತ್ತವೆ, ಪ್ರೈಮರಿ ಕ್ಲಾಸಿಗೆ ಅದು ದೊಡ್ಡ ಆಸ್ತಿ. ಕರ್ನಾಟಕದಲ್ಲಿ ಪ್ರಾಥಮಿಕ ಶಿಕ್ಷಕರ ನೇಮಕಾತಿ ಕರೆದಾಗ ಅಲ್ಲಿಗೂ ಅರ್ಜಿ ಹಾಕುತ್ತಿರಿ. ಅಲ್ಲಿ ನಿಮ್ಮ 371ಜೆ ಈಗಲೂ ನಡೆಯುತ್ತದೆ, ವಿಳಾಸ ಬದಲಾಯಿತು ಅಂತ ಆ ಪತ್ರವನ್ನು ಮೂಲೆಗೆ ಹಾಕಬೇಡಿ.

ಪ್ರಶ್ನೆ: ಕಾರವಾರದಿಂದ ಮದುವೆಯಾಗಿ ಮಡಗಾಂವಿಗೆ ಬಂದಿದ್ದೇನೆ. ಎಂ.ಎ. ಅರ್ಥಶಾಸ್ತ್ರ, ಕೆ-ಸೆಟ್ (ಕರ್ನಾಟಕದ ಕಾಲೇಜು ಉಪನ್ಯಾಸಕರ ಅರ್ಹತಾ ಪರೀಕ್ಷೆ) ಪಾಸಾಗಿದೆ. ಗೋವಾದ ಕಾಲೇಜಿನಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆಗಬಹುದಾ?
— ಓದುಗಿ, ಮಡಗಾಂವ್

ಉತ್ತರ: ಕೆ-ಸೆಟ್ ಮೇಲೆ ಆಗುವುದಿಲ್ಲ. 2002ರ ಜೂನ್ ನಂತರದ ಸೆಟ್ ಆಯಾ ರಾಜ್ಯಕ್ಕಷ್ಟೇ ಸೀಮಿತ. ನಿಮಗೆ ಬೇಕಾದದ್ದು ರಾಷ್ಟ್ರಮಟ್ಟದ ನೆಟ್ ಅಥವಾ ಗೋವಾಕ್ಕೆ ಅನ್ವಯಿಸುವ ಸೆಟ್. ನೆಟ್ ಬರೆಯಿರಿ, ಎಲ್ಲ ಕಡೆ ನಡೆಯುತ್ತದೆ. ಕೆ-ಸೆಟ್‌ಗೆ ಓದಿದ್ದೇ ಬಹುಪಾಲು ಅದಕ್ಕೂ ಬರುತ್ತದೆ, ಹೊಸದಾಗಿ ಏನೂ ಶುರು ಮಾಡಬೇಕಿಲ್ಲ. ಗೋವಾ ಸರ್ಕಾರದ ಹುದ್ದೆಗೆ ಕೊಂಕಣಿ ಬರಬೇಕು. ಕಾರವಾರದವರಿಗೆ ಮಾತಾಡಲು ಕಷ್ಟ ಇರಲಿಕ್ಕಿಲ್ಲ, ಆದರೆ ಅಲ್ಲಿ ಅಧಿಕೃತವಾಗಿ ಕೊಂಕಣಿಯನ್ನು ದೇವನಾಗರಿಯಲ್ಲಿ ಬರೆಯುತ್ತಾರೆ, ಅದನ್ನು ರೂಢಿ ಮಾಡಿಕೊಳ್ಳಿ. ಅಲ್ಲಿಯವರೆಗೆ ಕಾರವಾರದ ಸರ್ಕಾರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರನ್ನು ಕರೆದಾಗ ಅರ್ಜಿ ಹಾಕಿ. ಕೆ-ಸೆಟ್‌ಗೆ ಅಲ್ಲಿ ಬೆಲೆ ಇದೆ, ಮಡಗಾಂವಿನಿಂದ ರೈಲೂ ಇದೆ.